ಸಹೋದ್ಯೋಗಿಗಳ ಜೊತೆ ಎರಡು-ಮೂರು ರಾತ್ರಿಯ ಕ್ರೂಸ್: ಬೆಂಗಳೂರಿನಿಂದ ಹೊರಡುವ ತಂಡಕ್ಕೆ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನ ಆಫೀಸುಗಳಲ್ಲಿ ಟೀಮ್ ಔಟಿಂಗ್ ಮಾತು ಬಂದರೆ ಕನಕಪುರ ರಸ್ತೆಯ ರೆಸಾರ್ಟ್, ಸಕಲೇಶಪುರದ ಹೋಂಸ್ಟೇ, ಚಿಕ್ಕಮಗಳೂರು ಎಂದು ಅದೇ ಹೆಸರುಗಳು ಸುತ್ತುತ್ತಿದ್ದವು. ಈಗ ಆ ಪಟ್ಟಿಗೆ ಕ್ರೂಸ್, ಅಂದರೆ ಹಡಗಿನಲ್ಲೇ ತಂಗುವ ಸಮುದ್ರ ಪ್ರವಾಸ ಕೂಡ ಸೇರಿದೆ. ಸಮುದ್ರವಿಲ್ಲದ ಊರಿನವರಿಗೆ ಹಡಗಿನ ಆಸೆ ಸ್ವಲ್ಪ ಹೆಚ್ಚೇ ಇರುತ್ತದೆ. ಆದರೆ ರೆಸಾರ್ಟಿಗೂ ಹಡಗಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೆಸಾರ್ಟಿನಲ್ಲಿ ಮೈ ಹುಷಾರಿಲ್ಲದಿದ್ದರೆ, ಯಾರ ಜೊತೆಗಾದರೂ ಮುಖ ಮುರಿದರೆ, ಮನೆಯಿಂದ ತುರ್ತು ಫೋನ್ ಬಂದರೆ ಕ್ಯಾಬ್ ಹಿಡಿದು ಹೊರಟುಬಿಡಬಹುದು. ಹಡಗು ಬಂದರು ಬಿಟ್ಟ ಮೇಲೆ ಮುಂದಿನ ಬಂದರು ಬರುವವರೆಗೆ ಯಾರೂ ಇಳಿಯುವಂತಿಲ್ಲ. ಹಾಗಾಗಿ ಯಾರು ಯಾರ ಜೊತೆ ಕ್ಯಾಬಿನ್ ಹಂಚಿಕೊಳ್ಳಬೇಕು, ಯಾವ ಖರ್ಚು ಯಾರದು, ಆಫೀಸಿನ ಫೋನ್ ಯಾರು ನೋಡಬೇಕು ಎಂಬುದೆಲ್ಲ ನೆಲದ ಮೇಲಿರುವಾಗಲೇ ಬಗೆಹರಿಯಬೇಕು. ಈ ಬರಹದ ಮುಕ್ಕಾಲು ಪಾಲು ಬೆಂಗಳೂರಿನಲ್ಲೇ ಕೂತು ಮುಗಿಸಬೇಕಾದ ಕೆಲಸದ ಬಗ್ಗೆ ಇರುವುದು ಅದಕ್ಕೇ.

ಮೊದಲು ಜನರನ್ನು ಕೇಳಿ, ಆಮೇಲೆ ಹಡಗು ನೋಡಿ

ಸಾಮಾನ್ಯವಾಗಿ ಆಗುವುದು ಉಲ್ಟಾ. ಒಬ್ಬರು ಆಫರ್ ನೋಡಿ ಲಿಂಕ್ ಹಾಕುತ್ತಾರೆ, ವಾಟ್ಸ್ಯಾಪ್ ಗ್ರೂಪಿನಲ್ಲಿ ಹತ್ತು ಜನ ಹೆಬ್ಬೆರಳು ಒತ್ತುತ್ತಾರೆ, ಮುಂಗಡ ಕಟ್ಟುವ ದಿನ ನಾಲ್ವರು ಹಿಂದೆ ಸರಿಯುತ್ತಾರೆ. ಗ್ರೂಪಿನಲ್ಲಿ ಹೂಂ ಅನ್ನುವುದು ಸುಲಭ. ಬೇಡ ಅನ್ನುವುದು ಕಷ್ಟ, ಅದರಲ್ಲೂ ಮ್ಯಾನೇಜರ್ ಅದೇ ಗ್ರೂಪಿನಲ್ಲಿದ್ದರೆ.

ಅದಕ್ಕೆ ಒಂದು ಗೂಗಲ್ ಫಾರ್ಮ್ ಮಾಡಿ. ಉತ್ತರಗಳನ್ನು ಒಬ್ಬರೇ ನೋಡಲಿ, ಆ ಒಬ್ಬರು ಮ್ಯಾನೇಜರ್ ಆಗಿರದಿದ್ದರೆ ಇನ್ನೂ ಒಳ್ಳೆಯದು. ಬರುತ್ತೀರಾ, ಎಲ್ಲ ಸೇರಿ ತಲೆಗೆ ಎಷ್ಟರವರೆಗೆ ಖರ್ಚು ಮಾಡಬಲ್ಲಿರಿ, ಕ್ಯಾಬಿನ್ ಹಂಚಿಕೊಳ್ಳಲು ಒಪ್ಪಿಗೆಯೇ, ಹಂಚಿಕೊಂಡರೆ ಯಾರ ಜೊತೆ, ಊಟದ ಪಥ್ಯವೇನು, ಆರೋಗ್ಯದ ವಿಷಯದಲ್ಲಿ ಹೇಳುವುದೇನಾದರೂ ಇದೆಯೇ, ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿ. ಇಷ್ಟು ಸಾಕು. ಬರುವುದಿಲ್ಲ ಎಂದವರಿಗೆ ಕಾರಣ ಕೇಳಬೇಡಿ. ಮನೆಯಲ್ಲಿ ಹುಷಾರಿಲ್ಲದ ತಾಯಿ, ಇಎಂಐ, ನೀರಿನ ಭಯ, ಹೀಗೆ ಏನು ಬೇಕಾದರೂ ಇರಬಹುದು. ಅದನ್ನು ಇಡೀ ತಂಡಕ್ಕೆ ವಿವರಿಸುವ ಹೊರೆ ಅವರ ಮೇಲೆ ಬೀಳಬಾರದು.

ತಂಡದಲ್ಲಿ ಕಾಂಟ್ರಾಕ್ಟ್ ಮೇಲೆ ಇರುವವರೂ ಇರುತ್ತಾರೆ. ವರ್ಷವಿಡೀ ಪಕ್ಕದ ಸೀಟಿನಲ್ಲಿ ಕೂತು ಅದೇ ಕೆಲಸ ಮಾಡುತ್ತಾರೆ, ಆದರೆ ಕಂಪನಿ ಬಜೆಟ್ಟಿನಲ್ಲಿ ಅವರ ಹೆಸರಿರುವುದಿಲ್ಲ. ಕಂಪನಿ ದುಡ್ಡು ಕೊಡುವ ಪ್ರವಾಸವಾದರೆ ಅವರ ವಿಷಯವನ್ನು ಹೆಚ್‌ಆರ್ ಜೊತೆ ಮೊದಲ ದಿನವೇ ಮಾತಾಡಿ. ಟಿಕೆಟ್ ಆದ ಮೇಲೆ ನೆನಪಾದರೆ ಅವರಿಗೂ ನೋವು, ಉಳಿದವರಿಗೂ ಮುಜುಗರ.

ಯಾವ ಬಂದರು, ಯಾವ ತಿಂಗಳು

ಭಾರತದ ಬಂದರುಗಳಿಂದ ಭಾರತೀಯ ಪ್ರವಾಸಿಗರಿಗಾಗಿಯೇ ಓಡುವ ದೊಡ್ಡ ಹಡಗು ಎಂದರೆ ಮೊದಲು ನೆನಪಾಗುವುದು ಕಾರ್ಡೇಲಿಯಾ ಕ್ರೂಸಸ್‌ನ ಎಂಪ್ರೆಸ್. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಈ ಹಡಗು ಮೊದಲು ರಾಯಲ್ ಕೆರಿಬಿಯನ್ ಕಂಪನಿಯದಾಗಿತ್ತು. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಹೊಸ ಹೆಸರಿನಲ್ಲಿ ಓಡಾಟ ಶುರು ಮಾಡಿತು. ಮುಂಬೈಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆಗೂ, ಚೆನ್ನೈಯಿಂದ ವಿಶಾಖಪಟ್ಟಣ, ಪುದುಚೇರಿ, ಶ್ರೀಲಂಕಾದ ಕಡೆಗೂ ಹೋಗಿದೆ. ಎಲ್ಲೂ ನಿಲ್ಲದೆ ಸಮುದ್ರದಲ್ಲಿ ಸುತ್ತಿ ಅದೇ ಬಂದರಿಗೆ ಮರಳುವ ಎರಡು ರಾತ್ರಿಯ ಪ್ರವಾಸಗಳೂ ಇರುತ್ತವೆ. ವೇಳಾಪಟ್ಟಿ ವರ್ಷ ವರ್ಷ ಬದಲಾಗುವುದರಿಂದ ಹೊಸದನ್ನೇ ನೋಡಿ.

ಹಡಗು ಒಂದು ಕರಾವಳಿಯಿಂದ ಇನ್ನೊಂದಕ್ಕೆ ಜಾಗ ಬದಲಿಸಲು ಮುಖ್ಯ ಕಾರಣ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರಿಗೆ ಅರಬ್ಬೀ ಸಮುದ್ರ ಉಗ್ರವಾಗಿರುತ್ತದೆ, ಆಗ ಪ್ರವಾಸಗಳು ಚೆನ್ನೈ ಕಡೆಯಿಂದ ಹೊರಡುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ಸರದಿ, ವಾಯುಭಾರ ಕುಸಿತ ಎಂದು ನಾವು ಬೆಂಗಳೂರಿನಲ್ಲಿ ಕೊಡೆ ಹಿಡಿಯುವುದೂ ಅದೇ ತಿಂಗಳುಗಳಲ್ಲಿ. ತಂಡದಲ್ಲಿ ಹೆಚ್ಚಿನವರು ಮೊದಲ ಬಾರಿಗೆ ಹಡಗು ಹತ್ತುವವರಾದರೆ ನನ್ನ ಆಯ್ಕೆ ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ, ಮುಂಬೈಯಿಂದ. ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ, ಬಿಸಿಲೂ ತಡೆಯುವಷ್ಟಿರುತ್ತದೆ. ಮಾರ್ಚ್ ಕೊನೆ ಬೇಡ, ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಅಕೌಂಟ್ಸ್‌ನವರು ಬರಲಾಗುವುದಿಲ್ಲ. ಡಿಸೆಂಬರ್ ಕೊನೆಯ ವಾರದ ದರ ಕೈ ಸುಡುತ್ತದೆ. ದಿನಾಂಕ ಗಟ್ಟಿ ಮಾಡುವ ಮುನ್ನ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿ, ರಂಜಾನ್ ಮಾಸ, ಮಕ್ಕಳ ಪರೀಕ್ಷೆ ಇವನ್ನೂ ಒಮ್ಮೆ ನೋಡಿಬಿಡಿ.

ಲಕ್ಷದ್ವೀಪದ ಪ್ರವಾಸದಲ್ಲಿ ಒಂದು ವಿಷಯ ತಿಳಿದಿರಲಿ. ದೊಡ್ಡ ಹಡಗು ದ್ವೀಪದಿಂದ ದೂರದಲ್ಲೇ ನಿಂತು, ಜನರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಅಲೆ ಜೋರಾಗಿದ್ದರೆ ಇಳಿಯುವುದೇ ರದ್ದಾಗಬಹುದು. ಅಲ್ಲಿಗೆ ಪ್ರವೇಶ ಪರವಾನಗಿ ಕೂಡ ಬೇಕು. ದ್ವೀಪ ನೋಡಲೆಂದೇ ಹಣ ಕಟ್ಟಿದ ತಂಡಕ್ಕೆ ಇದನ್ನು ಮೊದಲೇ ಹೇಳಿಬಿಡಿ.

ವಿದೇಶದ ಆಸೆಯಿದ್ದರೆ ಸಿಂಗಪುರ ಹತ್ತಿರದ ದಾರಿ. ಅಲ್ಲಿನ ಮರೀನಾ ಬೇ ಕ್ರೂಸ್ ಸೆಂಟರಿನಿಂದ ಪೆನಾಂಗ್, ಫುಕೆಟ್ ಕಡೆಗೆ ಮೂರು-ನಾಲ್ಕು ರಾತ್ರಿಯ ಪ್ರವಾಸಗಳು ಹೊರಡುತ್ತವೆ. ಸಿಂಗಪುರದಿಂದ ಹೊರಟು ಮತ್ತೆ ಸಿಂಗಪುರಕ್ಕೇ ಬರುವುದರಿಂದ ಒಂದಕ್ಕಿಂತ ಹೆಚ್ಚು ಬಾರಿ ಪ್ರವೇಶಿಸಲು ಅವಕಾಶವಿರುವ ವೀಸಾ ಬೇಕು. ಏಜೆಂಟರಿಗೆ ಇದನ್ನು ಬಾಯಿಬಿಟ್ಟು ಕೇಳಿ.

ರಾತ್ರಿ ತಂಗುವುದಕ್ಕೇ ಹಿಂಜರಿಯುವ ತಂಡಕ್ಕೆ ಕೊಚ್ಚಿ ಒಳ್ಳೆಯ ಶುರು. ಕೇರಳ ಸರ್ಕಾರದ ಒಳನಾಡು ಜಲಸಾರಿಗೆ ನಿಗಮ ನಡೆಸುವ ನೆಫರ್‌ಟಿಟಿ ಹಡಗು 200 ಜನರನ್ನು ಕೂರಿಸಿಕೊಂಡು ಕೆಲವು ಗಂಟೆ ಸಮುದ್ರ ಸುತ್ತಿಸಿ ಕರೆತರುತ್ತದೆ. ಶುಕ್ರವಾರ ರಾತ್ರಿ ರೈಲು ಹತ್ತಿದರೆ ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಗ್ಗೆ ಮನೆಯಲ್ಲಿರಬಹುದು. ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೂ ಚಳಿಗಾಲದಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ, ಒಂದು ಹಗಲು ನಿಂತು ಮುಂದೆ ಹೋಗುತ್ತವೆ. ನಾವು ನಮ್ಮದೇ ಕರಾವಳಿಯಲ್ಲಿ ಹತ್ತಿ ನಮ್ಮದೇ ಕರಾವಳಿಯಲ್ಲಿ ಇಳಿಯುವ ಪ್ರವಾಸಗಳು ನಿಯಮಿತವಾಗಿ ಶುರುವಾಗಲಿ ಎಂದು ಮನಸಾರೆ ಬಯಸುವವರಲ್ಲಿ ನಾನೂ ಒಬ್ಬ.

ಹಣದ ಲೆಕ್ಕ

ಜಾಹೀರಾತಿನಲ್ಲಿ ಕಾಣುವ ದರ ಕೊನೆಯ ದರವಲ್ಲ. ಅದು ಬಹುತೇಕ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ನದು, ಅದೂ ಇಬ್ಬರು ಹಂಚಿಕೊಂಡರೆ ತಲೆಗೆ ಬೀಳುವ ಮೊತ್ತ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಗೆ ಕೊಡುವ ಸೇವಾ ಶುಲ್ಕ, ಜಿಎಸ್‌ಟಿ ಸೇರುತ್ತವೆ. ಮನೆಯಿಂದ ಬಂದರಿಗೆ ಹೋಗಿ ಬರುವ ಖರ್ಚು, ಹಿಂದಿನ ರಾತ್ರಿಯ ಹೋಟೆಲ್, ಬಂದರಿನಲ್ಲಿ ಇಳಿದಾಗಿನ ಟ್ಯಾಕ್ಸಿ, ಹಡಗಿನ ವೈಫೈ, ಪಾನೀಯ ಎಲ್ಲ ಬೇರೆ. ವಿದೇಶ ಪ್ಯಾಕೇಜ್ ಆದರೆ ಟಿಸಿಎಸ್ ಎಂಬ ತೆರಿಗೆಯನ್ನು ಮುಂಚಿತವಾಗಿ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಆದರೆ ಆ ಹೊತ್ತಿಗೆ ಕೈಯಿಂದ ಹೋಗುವ ದುಡ್ಡಂತೂ ಹೌದು. ತಂಡಕ್ಕೆ ಹೇಳುವಾಗ ಇದನ್ನೆಲ್ಲ ಕೂಡಿಸಿ, ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ತಲೆಗೆ ಇಷ್ಟು ಎಂದು ಒಂದೇ ಮೊತ್ತ ಹೇಳಿ. ಇಂದು ಕಡಿಮೆ ಹೇಳಿ ನಾಳೆ ಏರಿಸುತ್ತಾ ಹೋದರೆ ನಂಬಿಕೆ ಹೋಗುತ್ತದೆ.

ಬುಕಿಂಗ್ ಮುನ್ನ ರದ್ದತಿ ನಿಯಮವನ್ನು ಪೂರ್ತಿ ಓದಿ. ಕ್ರೂಸ್ ಟಿಕೆಟ್‌ಗಳಲ್ಲಿ ದಿನ ಹತ್ತಿರವಾದಷ್ಟೂ ವಾಪಸ್ ಬರುವ ಹಣ ಕಡಿಮೆಯಾಗುತ್ತದೆ, ಕೊನೆಯ ದಿನಗಳಲ್ಲಿ ಏನೂ ಬರುವುದಿಲ್ಲ. ಯಾವ ದಿನದ ಒಳಗೆ ಹಿಂದೆ ಸರಿದರೆ ಎಷ್ಟು ನಷ್ಟ ಎಂದು ಗ್ರೂಪಿನಲ್ಲಿ ಪಿನ್ ಮಾಡಿ. ಹೆಸರು ಬದಲಿಸಲು ಅವಕಾಶವಿದೆಯೇ ಎಂದೂ ಕೇಳಿ, ಒಬ್ಬರು ಬಿಟ್ಟ ಜಾಗಕ್ಕೆ ಇನ್ನೊಬ್ಬರು ಬರಬಹುದು. ತಂಡ ದೊಡ್ಡದಾದರೆ ಗ್ರೂಪ್ ದರ ಸಿಗುತ್ತದೆ, ವೆಬ್‌ಸೈಟಿನಲ್ಲಿ ಒಬ್ಬೊಬ್ಬರೇ ಬುಕ್ ಮಾಡುವ ಮುನ್ನ ಕಂಪನಿಯ ಗ್ರೂಪ್ ವಿಭಾಗಕ್ಕೆ ಒಂದು ಫೋನ್ ಮಾಡಿ.

ಪಾನೀಯದ ಖರ್ಚಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಅದನ್ನು ಸಾಮಾನ್ಯ ನಿಧಿಗೆ ಸೇರಿಸಲೇಬೇಡಿ. ಹಡಗಿನಲ್ಲಿ ಎಲ್ಲರಿಗೂ ಒಂದೊಂದು ಕಾರ್ಡ್ ಕೊಡುತ್ತಾರೆ, ಒಳಗಿನ ಖರ್ಚೆಲ್ಲ ಅದರ ಮೇಲೆಯೇ. ಅವರವರ ಗ್ಲಾಸು ಅವರವರ ಕಾರ್ಡಿಗೆ ಹೋಗಲಿ. ಕುಡಿಯದವರು ಕುಡಿದವರ ಬಿಲ್ಲಿನಲ್ಲಿ ಸಮಪಾಲು ಕೊಟ್ಟು ಸುಮ್ಮನಾಗುವುದು ಬೆಂಗಳೂರಿನ ಟೀಮ್ ಡಿನ್ನರ್‌ಗಳ ಹಳೆಯ ಅನ್ಯಾಯ. ಅದು ಹಡಗಿಗೂ ಹತ್ತುವುದು ಬೇಡ. ಕ್ಯಾಸಿನೋ ಇದ್ದರೆ ಅಲ್ಲೂ ಹಾಗೇ, ಸಹೋದ್ಯೋಗಿಗಳ ನಡುವೆ ಸಾಲ ಕೊಟ್ಟು ತೆಗೆದುಕೊಳ್ಳುವುದು ಬೇಡ.

ಕ್ಯಾಬಿನ್ ಹಂಚಿಕೆ

ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ತಲೆ ಉಪಯೋಗಿಸಬೇಕಾದ ಜಾಗ ಇದು. ಎಲ್ಲ ಸುಖ-ದುಃಖವೂ ಇಲ್ಲಿಂದಲೇ ಶುರು.

ಮೊದಲು ಕ್ಯಾಬಿನ್ ಒಳಗೆ ಹೇಗಿರುತ್ತದೆ ನೋಡಿ. ಬಾಗಿಲು ತೆರೆದರೆ ಪಕ್ಕದಲ್ಲೇ ಬಾತ್‌ರೂಮ್. ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಹೋಗಲಾಗದಷ್ಟು ಚಿಕ್ಕದು, ಸ್ನಾನದ ಜಾಗಕ್ಕೆ ಹಲವು ಕಡೆ ಬರೀ ಪರದೆ. ಮುಂದೆ ಎರಡು ಹಾಸಿಗೆ. ಬೇಕೆಂದರೆ ಜೋಡಿಸುತ್ತಾರೆ, ಬೇಡವೆಂದರೆ ಬಿಡಿಸಿಡುತ್ತಾರೆ, ನಡುವೆ ಕಾಲಿಡುವಷ್ಟು ಜಾಗ. ಮೂರನೆಯವರು, ನಾಲ್ಕನೆಯವರು ಇದ್ದರೆ ಗೋಡೆಯಿಂದಲೋ ಚಾವಣಿಯಿಂದಲೋ ಮಡಚಿದ ಹಾಸಿಗೆ ಇಳಿಸಿ ಏಣಿ ಹಾಕುತ್ತಾರೆ. ಒಳಗಿನ ಕ್ಯಾಬಿನ್ ಆದರೆ ದೀಪ ಆರಿಸಿದ ಮೇಲೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಗೋಡೆ ಲೋಹದ್ದಾದ್ದರಿಂದ ಅಯಸ್ಕಾಂತದ ಕೊಕ್ಕೆ ಅಂಟುತ್ತದೆ. ನಾಲ್ಕು ಕೊಕ್ಕೆ ಒಯ್ದರೆ ಟವೆಲ್, ಬ್ಯಾಗು, ಟೋಪಿ ಎಲ್ಲ ಗೋಡೆಗೆ ಹೋಗಿ ನೆಲ ಖಾಲಿಯಾಗುತ್ತದೆ.

ಈ ಜಾಗದಲ್ಲಿ ಎರಡು ರಾತ್ರಿ ಕಳೆಯಬೇಕಾದವರು ಆಫೀಸಿನಲ್ಲಿ ಬರೀ ನಮಸ್ಕಾರದ ಪರಿಚಯದವರಾಗಿದ್ದರೆ ಇಬ್ಬರಿಗೂ ನಿದ್ದೆ ಬರುವುದಿಲ್ಲ. ಆದ್ದರಿಂದ ಹಂಚಿಕೆಯನ್ನು ಒಪ್ಪಿಗೆಯ ಮೇಲೆ ಮಾತ್ರ ಮಾಡಿ. ಚೀಟಿ ಎತ್ತಿ ಹಂಚುವುದು, ಹೊಸಬರೂ ಹಳಬರೂ ಬೆರೆಯಲಿ ಎಂದು ಬೇಕೆಂದೇ ಅಪರಿಚಿತರನ್ನು ಜೋಡಿಸುವುದು ಬೇಡ. ಬೆರೆಯಲು ಹಡಗಿನ ಡೆಕ್ಕಿನ (ಮಹಡಿಯ) ಮೇಲೆ ಬೇಕಾದಷ್ಟು ಜಾಗವಿದೆ. ಮ್ಯಾನೇಜರನ್ನೂ ಅವರ ಕೈಕೆಳಗೆ ಕೆಲಸ ಮಾಡುವವರನ್ನೂ ಒಂದೇ ಕ್ಯಾಬಿನ್‌ಗೆ ಹಾಕಬೇಡಿ. ಅವರಿಬ್ಬರೂ ಎಷ್ಟೇ ಸಲುಗೆಯಿಂದಿದ್ದರೂ ಬೇಡ. ಅಪ್ರೈಸಲ್ ಬರೆಯುವವರ ಎದುರು ನೈಟ್ ಡ್ರೆಸ್ಸಿನಲ್ಲಿ ಗೊರಕೆ ಹೊಡೆಯಲು ಯಾರಿಗೂ ನೆಮ್ಮದಿಯಿರುವುದಿಲ್ಲ.

ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ. 15 ಜನರ ತಂಡ, 9 ಗಂಡಸರು, 6 ಹೆಂಗಸರು. ಹೆಂಗಸರಿಗೆ ಇಬ್ಬರಂತೆ ಮೂರು ಕ್ಯಾಬಿನ್ ಸರಿಹೋಗುತ್ತದೆ. ಗಂಡಸರಲ್ಲಿ ಇಬ್ಬರಂತೆ ಮೂರು, ಉಳಿದ ಮೂವರಿಗೆ ಒಂದು. ಮೂರನೆಯವರ ದರ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಆ ಉಳಿತಾಯವನ್ನು ಮೂವರೂ ಸಮನಾಗಿ ಹಂಚಿಕೊಳ್ಳಲಿ, ಏಣಿ ಹತ್ತಿ ಮಲಗುವುದು ಬೆನ್ನು ನೋವಿಲ್ಲದ ಹುಡುಗರ ಪಾಲಿಗಿರಲಿ. ಈಗ ಆ ಆರು ಹೆಂಗಸರಲ್ಲಿ ಒಬ್ಬರು ನನಗೆ ಒಂಟಿ ಕ್ಯಾಬಿನ್ ಬೇಕು ಎಂದರೆ ಇನ್ನೊಬ್ಬರೂ ಒಂಟಿಯಾಗುತ್ತಾರೆ. ಒಂಟಿ ಕ್ಯಾಬಿನ್‌ಗೆ ಹೆಚ್ಚು ಕಡಿಮೆ ಇಬ್ಬರ ದರವನ್ನೇ ಕೇಳುವುದುಂಟು. ಕೇಳಿದವರು ತಮ್ಮ ಹೆಚ್ಚುವರಿ ತಾವೇ ಕೊಡಬಹುದು, ಆದರೆ ಕೇಳದೆ ಒಂಟಿಯಾದವರ ಹೆಚ್ಚುವರಿಯನ್ನು ತಂಡ ಅಥವಾ ಕಂಪನಿ ಹೊರಬೇಕು. ಇಲ್ಲವೇ ಅವರು ಬಯಸಿದರೆ ಇನ್ನೊಂದು ಕ್ಯಾಬಿನ್‌ನಲ್ಲಿ ಮೂರನೆಯವರಾಗಬಹುದು. ಇಂಥ ಮಾತು ಬುಕಿಂಗ್‌ಗೆ ಮೊದಲು ಆಡಿದರೆ ಐದು ನಿಮಿಷ, ಆಮೇಲೆ ಆಡಿದರೆ ಐದು ತಿಂಗಳ ಮುನಿಸು.

ಕಿಟಕಿ, ಬಾಲ್ಕನಿ ಇರುವ ಕ್ಯಾಬಿನ್‌ಗಳನ್ನು ಹುದ್ದೆ ನೋಡಿ ಹಂಚಬೇಡಿ. ಕಂಪನಿ ದುಡ್ಡಾದರೆ ಎಲ್ಲರಿಗೂ ಒಂದೇ ದರ್ಜೆ ಇರಲಿ. ಅವರವರ ದುಡ್ಡಾದರೆ ಅವರವರ ಆಯ್ಕೆ. ವಾಂತಿಯ ತೊಂದರೆ ಇರುವವರಿಗೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕ್ಯಾಬಿನ್ ಕೇಳಿ. ಸೀಸಾ ಆಡುವಾಗ ತುದಿ ಹೆಚ್ಚು ಏರಿಳಿದು ನಡುಭಾಗ ಕಡಿಮೆ ಅಲುಗುವ ಹಾಗೆ ಹಡಗಿನ ಮುಂದಿನ ತುದಿ, ಹಿಂದಿನ ತುದಿ, ಮೇಲಿನ ಅಂತಸ್ತುಗಳಲ್ಲಿ ಓಲಾಟ ಜಾಸ್ತಿ. ಡ್ಯಾನ್ಸ್ ನಡೆಯುವ ಜಾಗದ ಕೆಳಗಿನ ಕ್ಯಾಬಿನ್ ತಪ್ಪಿಸಿ. ಡೆಕ್ ನಕ್ಷೆ ವೆಬ್‌ಸೈಟಿನಲ್ಲಿರುತ್ತದೆ, ಬುಕ್ ಮಾಡುವ ಮುನ್ನ ಅದನ್ನು ತೆರೆದಿಟ್ಟುಕೊಂಡು ನೋಡಿ.

ಬೆಂಗಳೂರಿನಿಂದ ಬಂದರಿಗೆ

ಹಡಗು ಯಾರಿಗೂ ಕಾಯುವುದಿಲ್ಲ. ಹೊರಡುವ ಸಮಯಕ್ಕೂ ಸಾಕಷ್ಟು ಮೊದಲೇ ಹತ್ತುವ ಬಾಗಿಲು ಮುಚ್ಚುತ್ತದೆ. ಮುಂಬೈ ಆದರೆ ಹಿಂದಿನ ಸಂಜೆಯೇ ಹೋಗಿ ಮಲಗುವುದು ನನ್ನ ಸಲಹೆ. ಚಳಿಗಾಲದಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದ ಬೆಳಗಿನ ಮಂಜು ಎಲ್ಲರಿಗೂ ಗೊತ್ತಿರುವುದೇ. ಬೆಳಗಿನ ಮೊದಲ ವಿಮಾನ ಹಿಡಿದು ಅದೇ ದಿನ ಹಡಗು ಹತ್ತುವ ಲೆಕ್ಕಾಚಾರ ಮಂಜಿಗೆ ಸಿಕ್ಕಿ ತಲೆಕೆಳಗಾಗಬಹುದು. ಹತ್ತು ಜನಕ್ಕಿಂತ ಹೆಚ್ಚಿದ್ದರೆ ವಿಮಾನ ಕಂಪನಿಗಳಲ್ಲಿ ಗ್ರೂಪ್ ಬುಕಿಂಗ್ ಬೇರೆ ಇರುತ್ತದೆ. ಕೆಲವೊಮ್ಮೆ ಅದು ಬಿಡಿ ಟಿಕೆಟ್‌ಗಿಂತ ದುಬಾರಿ, ಎರಡನ್ನೂ ಹೋಲಿಸಿ ನೋಡಿ. ಮುಂಬೈಯಲ್ಲಿ ಹಡಗು ಹತ್ತುವುದು ದಕ್ಷಿಣ ತುದಿಯ ಬಲ್ಲಾರ್ಡ್ ಪಿಯರ್ ಬಳಿ. ವಿಮಾನ ನಿಲ್ದಾಣದಿಂದ ಅಲ್ಲಿಗೆ ಟ್ರಾಫಿಕ್ ಸಮಯದಲ್ಲಿ ಸಿಲ್ಕ್ ಬೋರ್ಡ್ ದಾಟುವ ತಾಳ್ಮೆಯೇ ಬೇಕು, ಹೋಟೆಲನ್ನು ಫೋರ್ಟ್ ಪ್ರದೇಶ ಅಥವಾ ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರವೇ ಮಾಡಿ.

ಚೆನ್ನೈ ನಮಗೆ ಇನ್ನೂ ಸುಲಭ. ಶತಾಬ್ದಿ, ವಂದೇ ಭಾರತ್ ರೈಲುಗಳಲ್ಲಿ ಐದು ಗಂಟೆಯ ಆಸುಪಾಸು. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ, ಒಂದು ಪಿಎನ್‌ಆರ್‌ಗೆ ಆರು ಜನ. 15 ಜನರಿಗೆ ಮೂರು ಟಿಕೆಟ್, ಅಂದರೆ ಮೂವರು ಒಂದೇ ಹೊತ್ತಿಗೆ ಲಾಗಿನ್ ಆಗಿ ಕೂರಬೇಕು. ಹಡಗಿನ ಟಿಕೆಟ್ ಮೊದಲು ಮಾಡಿ, ಕ್ಯಾಲೆಂಡರಿನಲ್ಲಿ 60ನೇ ದಿನಕ್ಕೆ ಅಲಾರಂ ಇಟ್ಟುಬಿಡಿ.

ಆನ್‌ಕಾಲ್, ಲ್ಯಾಪ್‌ಟಾಪ್, ಸಿಗ್ನಲ್

ಐಟಿಯವರು ಇದನ್ನು ಎರಡು ಸಲ ಓದಿ. ಬಂದರು ಬಿಟ್ಟು ಸ್ವಲ್ಪ ಹೊತ್ತು ಸಿಗ್ನಲ್ ಇರುತ್ತದೆ, ಡೆಕ್ಕಿನ ಮೇಲೆ ಎಲ್ಲರೂ ಫೋಟೋ ಕಳಿಸುತ್ತಿರುತ್ತಾರೆ. ದಡದ ದೀಪಗಳು ಸಣ್ಣದಾದ ಹಾಗೆ ನಾಲ್ಕು ಗೆರೆ ಎರಡಾಗಿ, ಒಂದಾಗಿ, ಮಾಯ. ಫೋಟೋ ಪಕ್ಕದಲ್ಲಿ ಗಡಿಯಾರದ ಗುರುತು ನಿಂತೇ ಇರುತ್ತದೆ. ಅಲ್ಲಿಂದ ಮುಂದೆ ಹಡಗಿನ ಉಪಗ್ರಹ ವೈಫೈ ಒಂದೇ ಗತಿ. ಅದು ದುಬಾರಿ, ನಿಧಾನ, ಆಫೀಸಿನ ವಿಪಿಎನ್ ಅದರ ಮೇಲೆ ನಿಲ್ಲುತ್ತದೆಂದು ನಂಬುವಂತಿಲ್ಲ. ಫೋನ್ ತಾನಾಗಿಯೇ ಹಡಗಿನ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ ಹೌಹಾರಿಸುತ್ತದೆ, ದಡ ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ.

ಹಡಗಿನಲ್ಲಿರುವ ಯಾರೂ ಆನ್‌ಕಾಲ್ ಪಟ್ಟಿಯಲ್ಲಿ, ಅಂದರೆ ಆಫೀಸಿನ ತುರ್ತು ಕರೆಗೆ ಸಿದ್ಧವಿರಬೇಕಾದವರ ಪಟ್ಟಿಯಲ್ಲಿ ಇರಬಾರದು. ಇಡೀ ತಂಡ ಹೋಗುವುದಾದರೆ ಬೇರೆ ತಂಡದವರಿಗೆ ಒಪ್ಪಿಸಿ, ಅವರ ಋಣವನ್ನು ಅವರ ಔಟಿಂಗ್ ಬಂದಾಗ ತೀರಿಸಿ. ಹೊರಡುವ ವಾರ ಹೊಸ ಸಾಫ್ಟ್‌ವೇರ್ ರಿಲೀಸ್ ಬೇಡ. ಪಾಸ್‌ವರ್ಡ್, ಸಂಪರ್ಕ ಸಂಖ್ಯೆ, ಸಾಮಾನ್ಯವಾಗಿ ಕೈಕೊಡುವ ಸರ್ವರ್ ಎಲ್ಲವನ್ನೂ ಬರೆದು ಕೊಟ್ಟು ಹೋಗಿ. ಬ್ಯಾಂಕು, ಆಸ್ಪತ್ರೆ, ಪೀಣ್ಯದ ಕಾರ್ಖಾನೆಯವರಿಗೂ ಇದೇ ಮಾತು. ಪಾಳಿ ನೋಡಿಕೊಳ್ಳುವವರು ದಡದಲ್ಲಿ ಉಳಿದರೆ ಅವರಿಗೂ ಬೇರೆ ದಿನ ರಜೆ ಸಿಗುವಂತೆ ಲಿಖಿತವಾಗಿ ಮಾಡಿ.

ಮನೆಯವರಿಗೂ ಈ ಮೌನದ ಬಗ್ಗೆ ಮೊದಲೇ ಹೇಳಿ. ದಿನಕ್ಕೆರಡು ಸಲ ಅಮ್ಮನಿಗೆ ಫೋನ್ ಮಾಡುವ ಮಗಳ ಫೋನ್ ಒಂದಿಡೀ ದಿನ ಸ್ವಿಚ್ ಆಫ್ ಬಂದರೆ ಹಾಸನದಲ್ಲೋ ಧಾರವಾಡದಲ್ಲೋ ಕೂತ ಅಮ್ಮ ನಿದ್ದೆ ಮಾಡುವುದಿಲ್ಲ. ಹಡಗಿನ ಹೆಸರು, ಬಂದರಿಗೆ ಬರುವ ಹೊತ್ತು, ಕ್ರೂಸ್ ಕಂಪನಿಯ ತುರ್ತು ಸಂಖ್ಯೆ, ದಡದಲ್ಲಿರುವ ಒಬ್ಬ ಸಹೋದ್ಯೋಗಿಯ ಸಂಖ್ಯೆ ಇಷ್ಟನ್ನು ಒಂದು ಮೆಸೇಜಾಗಿ ಮಾಡಿ ಎಲ್ಲರ ಮನೆಗೂ ಕಳಿಸಿ.

ಕಾಗದಪತ್ರ, ಬ್ಯಾಗು

ದೇಶದೊಳಗಿನ ಪ್ರವಾಸಕ್ಕೆ ಸರ್ಕಾರಿ ಗುರುತಿನ ಚೀಟಿ, ವಿದೇಶಕ್ಕೆ ಆರು ತಿಂಗಳಾದರೂ ಅವಧಿಯಿರುವ ಪಾಸ್‌ಪೋರ್ಟ್. ಟಿಕೆಟ್ಟಿನ ಹೆಸರು ಚೀಟಿಯ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬ ನಮ್ಮ ಕಡೆಯ ಗೊಂದಲ ಇಲ್ಲೇ ಎದ್ದು ಬರುವುದು, ಆದ್ದರಿಂದ ಬುಕ್ ಮಾಡುವವರು ಚೀಟಿಯ ಫೋಟೋ ನೋಡಿಯೇ ಹೆಸರು ಟೈಪ್ ಮಾಡಲಿ. ಗರ್ಭಿಣಿಯರಿಗೆ ಬಹುತೇಕ ಕಂಪನಿಗಳು 24 ವಾರದ ಆಚೆಗೆ ಅವಕಾಶ ಕೊಡುವುದಿಲ್ಲ, ಆರು ತಿಂಗಳೊಳಗಿನ ಶಿಶುಗಳಿಗೂ ಹಾಗೇ. ಇದನ್ನು ಫಾರ್ಮಿನಲ್ಲೇ ನಿಯಮವಾಗಿ ಬರೆದುಬಿಟ್ಟರೆ ಯಾರನ್ನೂ ನೇರವಾಗಿ ಕೇಳುವ ಪ್ರಸಂಗ ಬರುವುದಿಲ್ಲ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಚಾಕು, ಹೊರಗಿನ ಮದ್ಯ ಒಯ್ಯಲು ಬಿಡುವುದಿಲ್ಲ. ಮನೆಯ ಚಕ್ಕುಲಿ, ಕೋಡುಬಳೆಗೂ ಹಲವು ಕಡೆ ನಿಷೇಧವಿದೆ, ಕೇಳಿ ಒಯ್ಯಿರಿ. ನಿತ್ಯದ ಮಾತ್ರೆಗಳು ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗನ್ನು ಸಿಬ್ಬಂದಿ ತೆಗೆದುಕೊಂಡು ಹೋದರೆ ಕ್ಯಾಬಿನ್‌ಗೆ ಬರುವುದು ಸಂಜೆಗೆ. ಡೆಕ್ಕಿನ ಮೇಲೆ ರಾತ್ರಿ ಗಾಳಿ ಜೋರು, ಒಂದು ತೆಳು ಜಾಕೆಟ್ ಬೇಕೇ ಬೇಕು.

ಹತ್ತುವ ದಿನ

ತಂಡವೆಲ್ಲ ಒಟ್ಟಿಗೆ ಬಂದರಿಗೆ ಹೋಗಿ. ಭದ್ರತಾ ತಪಾಸಣೆ, ಚೆಕ್ ಇನ್, ಕಾರ್ಡ್ ಇಷ್ಟಕ್ಕೆ ಹೊತ್ತು ಹಿಡಿಯುತ್ತದೆ, ಬೆಳಗಿನ ತಿಂಡಿ ಮುಗಿಸಿಯೇ ಹೊರಡಿ. ಹತ್ತಿದ ಕೂಡಲೇ ಈಜುಕೊಳ ಹುಡುಕುವ ಬದಲು ಊಟದ ಹಾಲ್‌ಗೆ ಹೋಗಿ ರಾತ್ರಿಯೂಟಕ್ಕೆ ಎಲ್ಲರಿಗೂ ಒಂದೇ ಪಾಳಿ, ಅಕ್ಕಪಕ್ಕದ ಮೇಜು ಕೇಳಿ. ಜೈನ ಊಟ, ಈರುಳ್ಳಿ-ಬೆಳ್ಳುಳ್ಳಿ ಇಲ್ಲದ್ದು, ಹಲಾಲ್, ಕಡಲೆಕಾಯಿ ಅಲರ್ಜಿ ಯಾವುದಿದ್ದರೂ ಬುಕಿಂಗ್‌ನಲ್ಲಿ ಹೇಳಿದ್ದನ್ನೇ ಇಲ್ಲಿ ಮತ್ತೊಮ್ಮೆ ಹೇಳಿ.

ಆಮೇಲೆ ಸುರಕ್ಷತಾ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ಅಭ್ಯಾಸ. ಇದನ್ನು ತಪ್ಪಿಸಲು ಯಾರನ್ನೂ ಬಿಡಬೇಡಿ. 2012ರ ಜನವರಿಯಲ್ಲಿ ಇಟಲಿಯ ದಡದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿ 32 ಜನ ಸತ್ತರು. ಆಗ ಡ್ರಿಲ್ಲನ್ನು ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು, ಅದೇ ದಿನ ಹತ್ತಿದ ಕೆಲವರಿಗೆ ಡ್ರಿಲ್ ಆಗಿರಲೇ ಇಲ್ಲ. ನಂತರ ಅಂತರರಾಷ್ಟ್ರೀಯ ನಿಯಮ ಬದಲಾಗಿ, 2015ರಿಂದ ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯವಾಯಿತು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ನಿಮ್ಮ ಕಾರ್ಡಿನ ಮೇಲೆ ಬರೆದ ಜಾಗಕ್ಕೆ ಹೋಗಬೇಕು. ಕ್ಯಾಬಿನ್‌ಗಳು ದೂರದೂರ ಇದ್ದರೆ ಒಂದೇ ತಂಡದವರಿಗೆ ಬೇರೆ ಬೇರೆ ಜಾಗ ಬರುತ್ತದೆ. ತುರ್ತಿನಲ್ಲಿ ಗೆಳೆಯರನ್ನು ಹುಡುಕುತ್ತಾ ಓಡದೆ ಅವರವರ ಜಾಗಕ್ಕೆ ಹೋಗಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಸಮುದ್ರದ ಮೇಲೆ

ದಿನಕ್ಕೊಂದು ಹೊತ್ತು ಎಲ್ಲರೂ ಸೇರಿ, ಉಳಿದ ಹೊತ್ತು ಬಿಟ್ಟುಬಿಡಿ. ರಾತ್ರಿಯೂಟ ಅದಕ್ಕೆ ಸರಿಯಾದ ಹೊತ್ತು. ಫೋನ್ ನಡೆಯದ ಜಾಗದಲ್ಲಿ ಹುಡುಕಾಟ ಕಷ್ಟ, ಆದ್ದರಿಂದ ಮೇಜಿನ ಸಂಖ್ಯೆ, ಸಮಯ ಮೊದಲೇ ಗೊತ್ತಿರಲಿ, ಜೊತೆಗೆ ಬೆಳಗ್ಗೆ ಕಾಫಿಗೆ ಒಂದು ಗುರುತಿನ ಜಾಗವಿರಲಿ. ಬೇಕಾದವರು ಬರುತ್ತಾರೆ. ಬೆಳಗ್ಗೆ ಯೋಗ, ಮಧ್ಯಾಹ್ನ ಟೀಮ್ ಗೇಮ್, ಸಂಜೆ ಪಿಪಿಟಿ ಎಂದು ಹೊತ್ತು ತುಂಬಿಸಿದರೆ ಹಡಗೂ ಮಾನ್ಯತಾ ಟೆಕ್ ಪಾರ್ಕ್ ಆಗಿಬಿಡುತ್ತದೆ. ಕಂಪನಿಗೆ ಏನಾದರೂ ಮಾಡಲೇಬೇಕಿದ್ದರೆ ಒಂದು ಗಂಟೆ ಸಾಕು, ಅದೂ ಮೊದಲ ದಿನವೇ. ಡೆಕ್ಕಿನ ಕುರ್ಚಿಯಲ್ಲಿ ಒಬ್ಬರೇ ಪುಸ್ತಕ ಹಿಡಿದು ಕೂತವರನ್ನು ಎಳೆದು ತರಬೇಡಿ, ಅವರಿಗೆ ಬೇಕಿದ್ದ ರಜೆ ಅದೇ ಇರಬಹುದು.

ತಲೆಸುತ್ತು, ವಾಕರಿಕೆ ಯಾರಿಗೆ ಬೇಕಾದರೂ ಬರಬಹುದು. ಒಳಗಿನ ಕಿವಿ ಅಲುಗಾಟ ಹೇಳುತ್ತದೆ, ಕಣ್ಣು ಎದುರಿನ ಗೋಡೆ ಸ್ಥಿರವಾಗಿದೆ ಎನ್ನುತ್ತದೆ. ಎರಡೂ ಹೊಂದದೆ ಮೆದುಳು ಗಲಿಬಿಲಿಗೊಳ್ಳುತ್ತದೆ. ಅದಕ್ಕೇ ಕ್ಯಾಬಿನ್‌ನಲ್ಲಿ ಫೋನ್ ನೋಡುತ್ತಾ ಮಲಗಿದರೆ ಹೆಚ್ಚಾಗುತ್ತದೆ, ಡೆಕ್ಕಿಗೆ ಬಂದು ದಿಗಂತ ನೋಡಿದರೆ ಕಡಿಮೆಯಾಗುತ್ತದೆ. ಶಿರಾಡಿ ಘಾಟಿಯಲ್ಲಿ ವಾಂತಿ ಮಾಡುವವರಿಗೆ ಇಲ್ಲೂ ಸಾಧ್ಯತೆ ಹೆಚ್ಚು. ಅವೋಮಿನ್, ಸ್ಟುಜೆರಾನ್‌ನಂಥ ಮಾತ್ರೆಗಳು ವಾಕರಿಕೆ ಶುರುವಾಗುವ ಮೊದಲೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತವೆ. ಯಾವುದು, ಎಷ್ಟು ಎಂದು ನಿಮ್ಮ ವೈದ್ಯರನ್ನು ಕೇಳಿಯೇ ಹೊರಡಿ. ನಿದ್ದೆ ತರುವ ಮಾತ್ರೆಗಳಿವು, ಮದ್ಯದ ಜೊತೆ ಬೇಡ. ಶುಂಠಿ, ಒಣ ಬಿಸ್ಕತ್ತು, ಸ್ವಲ್ಪ ಸ್ವಲ್ಪ ಊಟವೂ ಸಹಾಯ ಮಾಡುತ್ತವೆ. ಹಡಗಿನ ವೈದ್ಯರಿಗೆ ಶುಲ್ಕ ಬೇರೆ. ಕಂಪನಿಯ ಗ್ರೂಪ್ ವಿಮೆ ಸಮುದ್ರದ ಮೇಲೆ ನಡೆಯುತ್ತದೆಯೇ ಎಂದು ಹೆಚ್‌ಆರ್‌ನಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಊಟಕ್ಕೆ ಮುನ್ನ ಸೋಪಿನಲ್ಲಿ ಕೈ ತೊಳೆಯಿರಿ. ಹಡಗುಗಳಲ್ಲಿ ಹರಡುವ ವಾಂತಿ-ಭೇದಿಯ ನೊರೊವೈರಸ್ ಸ್ಯಾನಿಟೈಸರಿಗೆ ಸರಿಯಾಗಿ ಬಗ್ಗುವುದಿಲ್ಲ.

ಇನ್ನು ನಡತೆಯ ವಿಷಯ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ, ಕೆಲಸದ ಸಂಬಂಧವಾಗಿ ಉದ್ಯೋಗಿ ಹೋಗುವ ಯಾವುದೇ ಜಾಗವೂ ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಕಂಪನಿಯ ಔಟಿಂಗ್ ಆದರೆ ಹಡಗಿನ ಬಾರ್, ಡ್ಯಾನ್ಸ್ ಫ್ಲೋರ್, ಕ್ಯಾಬಿನ್ ಕಾರಿಡಾರ್ ಎಲ್ಲವನ್ನೂ ಆಫೀಸಿನ ಲೆಕ್ಕಕ್ಕೇ ಹಿಡಿಯಿರಿ. ಹೊರಡುವ ಮುನ್ನ ಇಂಥ ದೂರು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿಯಿಂದ ಒಂದು ಮೇಲ್ ಹೋಗಲಿ, ತಂಡದ ಜೊತೆ ಬರುವವರಲ್ಲಿ ಯಾರಿಗೆ ದೂರು ಹೇಳಬಹುದು ಎಂಬ ಹೆಸರು ಅದರಲ್ಲಿರಲಿ. ದಡದಿಂದ ದೂರ ಇರುವಾಗ ಆ ಒಂದು ಹೆಸರಿಗೆ ಬಹಳ ಬೆಲೆ. ಒತ್ತಾಯ ಮಾಡಿ ಯಾರಿಗೂ ಕುಡಿಸಬೇಡಿ. ಕುಡಿದವರು ರೇಲಿಂಗ್ ಹತ್ತಿರ ಒಬ್ಬರೇ ಹೋಗದಂತೆ ನೋಡಿಕೊಳ್ಳಿ. ಈಜುಕೊಳದ ಫೋಟೋಗಳನ್ನು ಅದರಲ್ಲಿರುವವರನ್ನು ಕೇಳದೆ ಆಫೀಸಿನ ಗ್ರೂಪಿಗೂ ಲಿಂಕ್ಡ್‌ಇನ್‌ಗೂ ಹಾಕಬೇಡಿ.

ಬಂದರಿನಲ್ಲಿ ಇಳಿದು ತಿರುಗುವ ದಿನ ಇಬ್ಬಿಬ್ಬರಾಗಿಯಾದರೂ ಇರಿ, ವಾಪಸ್ ಹತ್ತಬೇಕಾದ ಸಮಯದ ಫೋಟೋ ತೆಗೆದುಕೊಳ್ಳಿ. ಗೋವಾದಲ್ಲಿ ಹಡಗು ನಿಲ್ಲುವುದು ವಾಸ್ಕೋ ಪಕ್ಕದ ಮೊರ್ಮುಗಾವ್ ಬಂದರಿನಲ್ಲಿ. ಅಲ್ಲಿಂದ ಉತ್ತರ ಗೋವಾದ ಬೀಚುಗಳು ದೂರ, ಅರ್ಧ ದಿನವಿದ್ದರೆ ಬೊಗ್ಮಾಲೊ ಅಥವಾ ಪಣಜಿಗೆ ತೃಪ್ತಿಪಡಿ.

ಇಳಿಯುವ ದಿನ

ಹಿಂದಿನ ರಾತ್ರಿಯೇ ದೊಡ್ಡ ಬ್ಯಾಗಿಗೆ ಟ್ಯಾಗ್ ಕಟ್ಟಿ ಬಾಗಿಲ ಹೊರಗಿಡಲು ಹೇಳುತ್ತಾರೆ. ಮರುದಿನ ಹಾಕುವ ಬಟ್ಟೆ, ಗುರುತಿನ ಚೀಟಿ, ಮಾತ್ರೆ, ಚಾರ್ಜರ್ ತೆಗೆದಿಟ್ಟುಕೊಂಡೇ ಬ್ಯಾಗ್ ಮುಚ್ಚಿ. ಬಿಲ್ಲನ್ನು ರಾತ್ರಿಯೇ ನೋಡಿ ಗೊಂದಲವಿದ್ದರೆ ಆಗಲೇ ಕೌಂಟರಿಗೆ ಹೋಗಿ, ಬೆಳಗ್ಗೆ ಅಲ್ಲಿ ದೊಡ್ಡ ಸಾಲಿರುತ್ತದೆ. ವಾಪಸ್ ವಿಮಾನವನ್ನು ಮಧ್ಯಾಹ್ನ ಎರಡರ ನಂತರ ಇಟ್ಟುಕೊಳ್ಳಿ. ಭಾನುವಾರ ಇಳಿಯುವ ಪ್ರವಾಸವಾದರೆ ಸೋಮವಾರ ಇಡೀ ತಂಡಕ್ಕೆ ರಜೆ ಅಥವಾ ಮನೆಯಿಂದ ಕೆಲಸ ಎಂದು ಮೊದಲೇ ಒಪ್ಪಿಸಿಕೊಳ್ಳಿ. ಇಳಿದ ಮೇಲೂ ಒಂದೆರಡು ದಿನ ಕೆಲವರಿಗೆ ನೆಲವೇ ತೂಗಿದಂತೆ ಅನಿಸುತ್ತದೆ, ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಟ್ಯಾಕ್ಸಿ, ಹೋಟೆಲ್, ತಿಂಡಿಯ ಲೆಕ್ಕವನ್ನು ಒಂದು ವಾರದೊಳಗೆ ಶೀಟಿನಲ್ಲಿ ಹಾಕಿ, ಯುಪಿಐನಲ್ಲಿ ತೀರಿಸಿ. ಮಿಕ್ಕ ಹಣ ಎಷ್ಟೇ ಸಣ್ಣದಿರಲಿ, ಅವರವರಿಗೆ ವಾಪಸ್ ಕಳಿಸಿ.